ಗಾಳಿ ನಿಂತ ಭಾದ್ರಪದ

ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿಯಲ್ಲಿ ಕಳೆದ ತಿಂಗಳು ನನ್ನ ಸ್ಕೂಟಿಯ ಹಿಂದಿನ ಗಾಲಿ ಪಂಕ್ಚರ್ ಆಯಿತು. ಬೇವಿನ ಮರದ ಕೆಳಗೆ ತಗಡಿನ ಅಂಗಡಿ ಹಾಕಿಕೊಂಡಿದ್ದವನು ಟ್ಯೂಬಿಗೆ ತೇಪೆ ಹಚ್ಚಿ, ಗಾಲಿ ಕೂರಿಸಿ, ಮೇಲೊಂದು ಉಪಕಾರವಿರಲಿ ಎಂಬಂತೆ ಕಂಪ್ರೆಸರಿನ ಪೈಪು ಹಿಡಿದು ಗಾಲಿಯ ಸಂದಿಯಲ್ಲಿ ಮೆತ್ತಿದ್ದ ಎರೆಮಣ್ಣಿಗೆ ಗಾಳಿ ಹೊಡೆದ. ಸುಯ್ ಎಂದು ಸದ್ದು ಬಂತು, ಒದ್ದೆ ರಬ್ಬರಿನ ವಾಸನೆ ಬಂತು. ಮುಂದೆ ಎಚ್ಚರ ಬಂದಾಗ ನಾನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಬೇವಿನ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದೆ.

"ಏನಾತ್ರಿ ಅಕ್ಕಾರ?" ಅವನು ಪೈಪು ಕೆಳಗೆ ಹಾಕಿ ಓಡಿ ಬಂದ. "ಹೆದರಬ್ಯಾಡ್ರಿ. ಗಾಳಿರಿ, ಬರೇ ಗಾಳಿ."

ಬರೇ ಗಾಳಿ. ಅಲ್ಲಿಂದ ಬಡಗಣಕ್ಕೆ ನೋಡಿದರೆ ಬೋಳು ದಿಬ್ಬದ ಸಾಲಿನ ಮೇಲೆ ಗಾಳಿಗಂಬಗಳು ಕಾಣುತ್ತವೆ. ಬಿಳಿ ರೆಕ್ಕೆಗಳು ಅವತ್ತೂ ಸಾವಕಾಶವಾಗಿ ತಿರುಗುತ್ತಿದ್ದವು. ಅವುಗಳ ಬುಡದಲ್ಲಿ ಒಂದು ಮಳೆಗಾಲವಿಡೀ ನಾನು ಕೆಲಸ ಮಾಡಿದ್ದೆ. ಆಷಾಢದಲ್ಲಿ ಶುರುವಾಗಿ ಭಾದ್ರಪದದಲ್ಲಿ ಮುಗಿದ ಆ ಕೆಲಸ ನನ್ನಲ್ಲಿ ಇನ್ನೂ ಮುಗಿದಿಲ್ಲ. ಆ ಬೆಳಿಗ್ಗೆಯನ್ನು ನಾನು ದಿನಕ್ಕೊಮ್ಮೆಯಾದರೂ ಮೊದಲಿನಿಂದ ಕೊನೆಯತನಕ ನಡೆಸಿ ನೋಡುತ್ತೇನೆ. ಹಾಗೆ ನೋಡುವುದಕ್ಕೆ ಹೆದರಿಕೆಯಷ್ಟೇ ಕಾರಣವಲ್ಲ. ನನಗೆ ನೆನಪಿರುವುದು ಸರಿಯಿಲ್ಲವೆಂದು ನಾನು ಬಹಳ ನಂಬಿದ ಒಬ್ಬರು ಹತ್ತು ಜನರೆದುರು ಹೇಳಿದ್ದಾರೆ. ಆದ್ದರಿಂದ ಪ್ರತಿಸಲವೂ ಪರೀಕ್ಷೆ ಮಾಡಿಕೊಳ್ಳಬೇಕಾಗುತ್ತದೆ.

ಅವರು ಮಧುಕರ ಸರ್. ಬಾಗಲಕೋಟೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ನನಗೆ ಪಾಠ ಹೇಳಿದವರು. ಫೀಸು ಕಟ್ಟಲಾಗದವರ ಹೆಸರನ್ನು ಯಾರಿಗೂ ತಿಳಿಯದಂತೆ ವಿಚಾರಿಸಿ ತಾವೇ ಕಟ್ಟುತ್ತಿದ್ದವರು. ನಮ್ಮ ಅಪ್ಪ ನಿವೃತ್ತ ಸಾಲಿ ಮಾಸ್ತರು, ಯಾರಿಗೂ ಸುಲಭವಾಗಿ ಏಳುವವರಲ್ಲ. ಮಧುಕರ ಸರ್ ನವನಗರದ ನಮ್ಮ ಮನೆಗೆ ಬಂದರೆ ಮಾತ್ರ ಎದ್ದು ನಿಂತು ತಮ್ಮ ಕುರ್ಚಿಯನ್ನೇ ಕೊಡುತ್ತಿದ್ದರು. ಅವರು ಕಾಲೇಜು ಬಿಟ್ಟು ಒಂದು ಕಂಪನಿಯ ಪ್ರಯೋಗದ ಘಟಕಕ್ಕೆ ಮುಖ್ಯಸ್ಥರಾಗಿ ಹೋದಾಗ, ಬ್ಯಾಂಕಿನ ಪರೀಕ್ಷೆಗೆ ಓದುತ್ತ ಕುಳಿತಿದ್ದ ನನ್ನನ್ನು ಕರೆದರು. ಗಾಳಿಯಿಂದ ಕರೆಂಟು, ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್, ಆ ಹೈಡ್ರೋಜನ್ನಿನಿಂದ ಬಸ್ಸು. ಇಳಕಲ್ಲಿನಿಂದ ಹುನಗುಂದ, ಕೂಡಲಸಂಗಮದ ಕ್ರಾಸು ಹಾದು ಬಾಗಲಕೋಟೆಯ ತನಕ ಹೊಗೆಯಿಲ್ಲದ ಬಸ್ಸು ಓಡಬೇಕು. ಒಂದು ಕಿಲೋ ಹೈಡ್ರೋಜನ್ ಎಷ್ಟಕ್ಕೆ ಬೀಳುತ್ತದೆ ಎಂದು ಲೆಕ್ಕ ಹಾಕಿ ಹೇಳುವುದು ನನ್ನ ಕೆಲಸ.

"ಒಮ್ಮೆ ನೀರಿಗೆ ಮನಿ ಕೊಟ್ಟೇವಿ, ಈಗ ಗಾಳಿಗೆ ಮಗಳನ್ನ ಕೊಡಬೇಕೇನ್ರಿ?" ಎಂದು ಅಪ್ಪ ಚೇಷ್ಟೆ ಮಾಡಿದರು. ಹಳೇ ಬಾಗಲಕೋಟೆಯಲ್ಲಿದ್ದ ನಮ್ಮ ಮನೆ ಆಲಮಟ್ಟಿಯ ಹಿನ್ನೀರಿಗೆ ಹೋಗಿತ್ತು.

"ನಿಮ್ಮ ಮಗಳು ನನ್ನ ಮಗಳಿದ್ದಂಗ್ರಿ ಮಾಸ್ತರ. ಎತ್ತಲಾಗಿನ ಗಾಳಿ ಬಂದ್ರೂ ಮೊದಲ ನನ್ನ ಮೈಗೆ ಬಡೀಬೇಕು," ಎಂದರು ಸರ್. ಅಪ್ಪ ಅದನ್ನು ಬಹಳ ದಿನ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದರು.

ಮೊದಲ ದಿನ ಸರ್ ನನಗೆ ಹೇಳಿದ ಪಾಠ ಈಗಲೂ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ, ಹೆಸರು ಮಾತ್ರ ಹೇಳುವುದಿಲ್ಲ. "ಇಳಕಲ್ಲಿನ ಮಗ್ಗ ನೋಡೀಯಲ್ಲ ಸುನಂದಾ? ದುಬಾರಿ ಮಗ್ಗ ಹಾಕಿ ವರ್ಷದಾಗ ನಾಕ ತಿಂಗಳಷ್ಟ ನೇಯ್ದ್ರ ಸೀರಿ ಅಗ್ಗ ಆಗ್ತದೇನು? ಆಗೂದಿಲ್ಲ. ಮಗ್ಗದ ಖರ್ಚೆಲ್ಲಾ ಆ ನಾಕ ತಿಂಗಳ ಸೀರಿ ಮ್ಯಾಲ ಕೂಡ್ತದ. ನಮ್ಮದೂ ಅಷ್ಟ. ಗಾಳಿ ಪುಕ್ಕಟೆ ಸಿಗ್ತದ, ಯಂತ್ರ ಪುಕ್ಕಟೆ ಸಿಗೂದಿಲ್ಲ. ಯಂತ್ರ ಎಷ್ಟೊತ್ತು ಎಚ್ಚರ ಇರ್ತದ, ಅದರ ಮ್ಯಾಲ ನಮ್ಮ ಕಿಲೋದ ರೇಟು."

ಇಷ್ಟು ತಿಳಿಯಾಗಿ ಹೇಳುವವರ ಮನಸ್ಸೂ ತಿಳಿಯಾಗಿಯೇ ಇರುತ್ತದೆ ಎಂದು ನಾನು ತಿಳಿದಿದ್ದೆ.

ಮಹಾಂತೇಶ ಬಂದದ್ದು ನನ್ನ ಮೂಲಕ. ಇಳಕಲ್ಲಿನಲ್ಲಿ ನಮ್ಮ ಚಿಕ್ಕಮ್ಮನ ಪಕ್ಕದ ಮನೆಯವನು, ಕೆಂಪು ಕಲ್ಲಿಗೆ ಪಾಲಿಶ್ ಮಾಡುವ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಅವನ ಹೆಂಡತಿ ಗಂಗವ್ವ ಮನೆಯಲ್ಲಿಯೇ, ನೆಲದ ಕುಣಿಯಲ್ಲಿ ಕಾಲಿಳಿಬಿಡುವ ಕುಣಿಮಗ್ಗದಲ್ಲಿ, ಸೀರೆ ನೇಯುತ್ತಿದ್ದಳು. "ಕಲ್ಲಿನ ದೂಳು ಕುಡದು ಕುಡದು ಎದಿ ಕಲ್ಲಾಗೈತ್ರಿ ಅಕ್ಕಾರ, ಮುಂದಿನ ವರ್ಷ ನನ್ನ ಎದೀಗೂ ಪಾಲಿಶ್ ಹಚ್ಚತಾರ. ನಿಮ್ಮ ಗಾಳಿ ಕೆಲಸಾನ ಕೊಡಸ್ರಿ," ಎಂದು ಬೆನ್ನು ಬಿದ್ದ. ಐ.ಟಿ.ಐ. ಓದಿದ್ದ. ಸರ್ ಒಂದೇ ಮಾತಿಗೆ ತೆಗೆದುಕೊಂಡರು. ಗಂಗವ್ವ ಅವತ್ತು ನನ್ನ ಕೈಗೆ ಸಕ್ಕರೆ ಹಾಕಿ, "ಇನ್ನ ನಮ್ಮವರು ರಾತ್ರಿ ಕೆಮ್ಮದ ಮಲಗಿದ್ರ ಅದು ನಿಮ್ಮ ಪುಣ್ಯೇರಿ," ಎಂದಳು.

ಆ ಆಷಾಢದಲ್ಲಿ ನಮ್ಮ ಕಡೆ ಮಳೆ ಕಡಿಮೆ, ಗಾಳಿ ಮಾತ್ರ ಮೈಮೇಲೆ ಬಂದಂತೆ ಬೀಸಿತು. ದಿಬ್ಬದ ಮೇಲೆ ನಡೆದರೆ ಸೀರೆಯ ಸೆರಗು ಕೈಗೆ ಸಿಗದು, ಮಾತಾಡಿದರೆ ಮಾತು ಪಕ್ಕದವನನ್ನು ಬಿಟ್ಟು ಹೊಲದಾಚೆಗೆ ಹೋಗಿ ಬೀಳುವುದು. ಕೆಳಗೆ ಹೆಸರುಕಾಳಿನ ಹೊಲಗಳು ನೆಲಕ್ಕೆ ಮೈಯೊತ್ತಿ ಮಲಗಿದ್ದವು. ಶೆಡ್ಡಿನ ತಗಡು ಹಗಲೆಲ್ಲ ಗುಂಯ್ಗುಡುತ್ತಿತ್ತು. ಒಳಗೆ ಯಂತ್ರವೂ ಅದೇ ಶ್ರುತಿಯಲ್ಲಿ ಗುಂಯ್ಗುಡುತ್ತಿತ್ತು. ಮೊದಲ ಕಿಲೋ ಹೈಡ್ರೋಜನ್ ಸಿಲಿಂಡರಿಗೆ ತುಂಬಿದ ದಿನ ಸರ್ ಎಲ್ಲರನ್ನೂ ಕರೆದು, "ಮಹಾಂತೇಶ, ಎಣಿಸಪಾ ಜೋರಾಗಿ," ಎಂದರು. ಮಹಾಂತೇಶ ಎದೆ ಉಬ್ಬಿಸಿ, "ಲಾಭಾ!" ಎಂದು ಕೂಗಿದ. ಹೊರಗಿನ ಊರಿನಿಂದ ಬಂದಿದ್ದ ಎಂಜಿನಿಯರು ಕಣ್ಣು ಕಣ್ಣು ಬಿಟ್ಟ. ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಎರಡರಿಂದ ಎಣಿಕೆ ಶುರು. ಸರ್ ಅದನ್ನು ಅವನಿಗೆ ಬಿಡಿಸಿ ಹೇಳಿ ಬಹಳ ನಕ್ಕರು. ಮುಂದೆ ಬಂದ ಪ್ರತಿಯೊಬ್ಬ ಅತಿಥಿಗೂ ಆ ಕಥೆ ಹೇಳತೊಡಗಿದರು.

ಯಂತ್ರದ ಒಳಗಿನ ಅಪಾಯವನ್ನೂ ಅವರೇ ನಮಗೆ ಕಲಿಸಿದರು. ಖಾರ ನೀರು ಎಂದು ನಾವು ಕರೆಯುತ್ತಿದ್ದ ಪೊಟ್ಯಾಷಿನ ಕ್ಷಾರದ ದ್ರಾವಣದಲ್ಲಿ ಕರೆಂಟು ಹರಿದರೆ ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಆಮ್ಲಜನಕ ಏಳುತ್ತದೆ. ನಡುವೆ ಇರುವುದು ತೆಳ್ಳಗಿನ ಒಂದು ಪರದೆ. ಗಾಳಿ ಜೋರಿದ್ದು ಕರೆಂಟು ತುಂಬ ಬರುತ್ತಿದ್ದರೆ ಚಿಂತೆಯಿಲ್ಲ. ಗಾಳಿ ಇಳಿದು ಕರೆಂಟು ಸಣ್ಣಗಾದರೆ ಆಮ್ಲಜನಕ ಹುಟ್ಟುವುದು ಕಡಿಮೆಯಾಗುತ್ತದೆ, ಆದರೆ ಪರದೆಯಲ್ಲಿ ಜಿನುಗಿ ಆಚೆಗೆ ಹೋಗುವ ಹೈಡ್ರೋಜನ್ ಜಿನುಗುತ್ತಲೇ ಇರುತ್ತದೆ. ಆಮ್ಲಜನಕದ ಕೊಪ್ಪರಿಗೆಯಲ್ಲಿ ಎರಡೂ ಬೆರೆಯುತ್ತವೆ. ಬೆರೆತದ್ದು ಮಿತಿ ಮೀರಿದರೆ ಒಂದು ಕಿಡಿ ಸಾಕು. ಅದಕ್ಕಾಗಿ ಕೊಪ್ಪರಿಗೆಯಿಂದ ಹೊರಡುವ ಸಣ್ಣ ಕೊಳವೆಯ ತುದಿಗೆ ಒಂದು ಮೀಟರು ಕೂರಿಸಿದ್ದರು. ಅದು ಸದಾ ಮೂಸಿ ನೋಡುತ್ತಿರುತ್ತದೆ. ಮಿತಿ ಮುಟ್ಟಿದರೆ ಯಾರನ್ನೂ ಕೇಳದೆ ಯಂತ್ರವನ್ನು ನಿಲ್ಲಿಸಿಬಿಡುತ್ತದೆ.

"ಇದು ಮೀಟರಲ್ಲ, ನಮ್ಮೆಲ್ಲಾರ ಮೂಗು," ಎಂದಿದ್ದರು ಸರ್. "ನಿಮ್ಮ ಕಣ್ಣು ಸುಳ್ಳ ಹೇಳಬಹುದು, ನನ್ನ ಬಾಯಿ ಸುಳ್ಳ ಹೇಳಬಹುದು. ಇದನ್ನ ನಂಬರಿ."

ಶ್ರಾವಣದಲ್ಲಿ ಗಾಳಿಗೆ ದಣಿವು ಶುರುವಾಯಿತು. ಪಂಚಮಿಗೆ ಗಂಗವ್ವ ಡಬ್ಬಿ ತುಂಬ ಶೇಂಗಾದುಂಡಿ, ಎಳ್ಳಿನುಂಡಿ ಕಳಿಸಿದ್ದಳು. ಅವನ್ನು ತಿನ್ನುತ್ತ ಕುಳಿತಾಗಲೇ ಮೂಗು ಮೊದಲ ಸಲ ಯಂತ್ರವನ್ನು ನಿಲ್ಲಿಸಿತು. ಒಮ್ಮೆ ನಿಂತರೆ ಒಳಗಿನ ಅನಿಲವನ್ನೆಲ್ಲ ಹೊರಹಾಕಬೇಕು. ಅದಕ್ಕೆ ನೈಟ್ರೋಜನ್ ಸಿಲಿಂಡರು ಹುಬ್ಬಳ್ಳಿಯಿಂದ ಲಾರಿಯಲ್ಲಿ ಬರಬೇಕು. ಮತ್ತೆ ಯಂತ್ರ ಬಿಸಿಯಾಗಿ ದಾರಿಗೆ ಬರಲು ಅರ್ಧ ದಿನ ಹೋಗುತ್ತದೆ. ಅಷ್ಟರಲ್ಲಿ ಒಳ್ಳೆಯ ಗಾಳಿ ಬೀಸಿ ಹೋಗಿರುತ್ತದೆ. ನನ್ನ ಲೆಕ್ಕದಲ್ಲಿ ಪ್ರತಿ ನಿಲುಗಡೆಗೂ ಕಿಲೋದ ಬೆಲೆ ಜಿಗಿಯುತ್ತಿತ್ತು. ಸರ್ ದಿನವೂ ಬಂದು ನನ್ನ ಹಿಂದೆ ನಿಂತು, ಕನ್ನಡಕ ಹಣೆಗೇರಿಸಿ ನೋಡಿ ಹೋಗುತ್ತಿದ್ದರು.

ಆಗಲೇ ಆ ಗಾಳಿಯ ಪೈಪಿನ ಪ್ರಸಂಗ ನಡೆಯಿತು. ಮೂಸುವ ಕೊಳವೆಯಲ್ಲಿ ಖಾರ ನೀರಿನ ಪಸೆ ಸೇರಿ ಮೇಲಿಂದ ಮೇಲೆ ಕಟ್ಟುತ್ತಿತ್ತು. ಬಿಚ್ಚಿ ತೊಳೆಯುವುದು ಒಂದು ಪೂಜೆ. ಒಂದು ದಿನ ಮಹಾಂತೇಶ ಕಂಪ್ರೆಸರಿನ ಪೈಪು ತಂದು ಕೊಳವೆಗೆ ಸುಯ್ಯೆಂದು ಗಾಳಿ ಹೊಡೆದ. ಗ್ರಾನೈಟ್ ಫ್ಯಾಕ್ಟರಿಯಲ್ಲಿ ಎಲ್ಲದಕ್ಕೂ ಅದೇ ಔಷಧ. ಯಂತ್ರ ಕಟ್ಟಿದರೆ ಗಾಳಿ ಹೊಡೆಯುತ್ತಾರೆ, ಅಂಗಿಯ ದೂಳಿಗೂ ಬುತ್ತಿಯ ಡಬ್ಬಿಗೂ ಗಾಳಿ ಹೊಡೆಯುತ್ತಾರೆ, ಪಾಳಿ ಮುಗಿದಾಗ ಒಬ್ಬರ ತಲೆಗೊಬ್ಬರು ಹೊಡೆದುಕೊಂಡೇ ಮನೆಗೆ ಹೋಗುತ್ತಾರೆ. ಕೊಳವೆ ತೆರೆಯಿತು. ಗಾಳಿ ಬೆರೆತದ್ದರಿಂದ ಕಂಪ್ಯೂಟರಿನ ಪರದೆಯ ಮೇಲೆ ಮೂಗಿನ ಅಂಕಿ ಸೊನ್ನೆಗೆ ಬಿದ್ದು, ಪೈಪು ತೆಗೆದ ಮೇಲೆ ಮತ್ತೆ ತನ್ನ ಜಾಗಕ್ಕೆ ಬಂತು.

"ಲೇ ಮಹಾಂತೇಶ, ಕಲ್ಲಿನ ಫ್ಯಾಕ್ಟರಿ ವಿದ್ಯಾ ಇಲ್ಲೀತನಾ ತಂದಿಯೇನು?" ಸರ್ ಅವನ ಬೆನ್ನು ಚಪ್ಪರಿಸಿದರು.

"ವಿದ್ಯಾ ಏನ್ರಿ ಸರ್ರ, ಚಟಾರಿ."

ಮರುವಾರ ಸರ್ ಆ ಕೊಳವೆಗೆ ಗಾಳಿಯ ಪೈಪನ್ನು ಖಾಯಂ ಜೋಡಿಸಿ ಒಂದು ಸಣ್ಣ ನೀಲಿ ನಲ್ಲಿ ಕೂಡಿಸಿದರು. ಕಟ್ಟಿದಾಗ ಒಂದು ಕ್ಷಣ ತಿರುಗಿಸಿ ಹೊಡೆದು ಮುಚ್ಚಲಿಕ್ಕೆ. ಕೆಲಸಗಾರನ ಒಂದು ಚಟವನ್ನೂ ಮರ್ಯಾದೆಯಿಂದ ತೆಗೆದುಕೊಳ್ಳುವ ಮನುಷ್ಯ ಎಂದು ನಾವೆಲ್ಲ ಮೆಚ್ಚಿಕೊಂಡೆವು. ಮಹಾಂತೇಶನಂತೂ ಅದನ್ನು 'ನನ್ನ ನಳಾ' ಎಂದು ಕರೆದು ದಿನವೂ ಒರೆಸಿ ಇಡುತ್ತಿದ್ದ.

ಭಾದ್ರಪದ ಬಂದಾಗ ಘಟಕವನ್ನೆಲ್ಲ ಕೊಳ್ಳುವ ಮಾತುಕತೆಗೆ ದೊಡ್ಡ ಕಂಪನಿಯವರು ಬರುತ್ತಾರೆಂದು ಸುದ್ದಿ ಬಂತು. ಬರೀ ಗಾಳಿಯ ಕರೆಂಟಿನಿಂದ, ನಡುವೆ ನಿಲ್ಲದೆ, ಯಂತ್ರ ಎಷ್ಟು ದಿನ ಓಡುತ್ತದೆ ಎಂಬುದನ್ನು ಅವರು ನೋಡುವವರಿದ್ದರು. ಗಾಳಿ ಇಲ್ಲದಾಗ ಸರಕಾರದ ಲೈನಿನಿಂದ ಕರೆಂಟು ಕೊಂಡರೆ ಕಿಲೋದ ಬೆಲೆಗೆ ಡೀಸೆಲ್ಲೇ ನಗುತ್ತಿತ್ತು, ಮೇಲಾಗಿ ಅದು ಗಾಳಿಯ ಹೈಡ್ರೋಜನ್ ಎನಿಸುತ್ತಿರಲಿಲ್ಲ. ನಿಲ್ಲಿಸಿದರೆ ಓಟ ತಪ್ಪುತ್ತಿತ್ತು. ನಾನು ಒಂದು ಸಂಜೆ ಸರ್ ಬಳಿ ಹೋಗಿ, "ಇದ್ದದ್ದ ತೋರಿಸೂಣ್ರಿ ಸರ್. ಗಾಳಿ ಇದ್ದಾಗ ರೇಟು ಇಷ್ಟು, ಇಲ್ಲದಾಗ ಇಷ್ಟು. ನಾಕು ವರ್ಷದಾಗ ಯಂತ್ರ ಅಗ್ಗಾದ್ರ ತಾನ ಸರಿಹೋಗ್ತದ," ಎಂದೆ.

ಸರ್ ಬಹಳ ಪ್ರೀತಿಯಿಂದ ನಕ್ಕರು. "ಹುಚ್ಚಿ. ಕನ್ಯಾ ನೋಡಾಕ ಬಂದಾಗ ಹುಡುಗಿಗೆ ಜ್ವರ ಅದ ಅಂತ ಹೇಳ್ತಾರೇನು? ಒಂದ ತಾಸು ನಕ್ಕೊಂತ ಕೂಡಸ್ತಾರ. ಜ್ವರ ನಾಳಿಗೆ ತಾನ ಇಳೀತದ."

ನಾನೂ ನಕ್ಕೆ. ಅವರು ನನ್ನ ಅಂಕಿಗಳಿಗೆ ಸ್ವಲ್ಪ ಪೌಡರು ಹಚ್ಚುತ್ತಾರೆ, ಅಷ್ಟೇ ಎಂದುಕೊಂಡೆ.

ಆ ಬೆಳಿಗ್ಗೆ ದಿಬ್ಬದ ಮೇಲೆ ಗಾಳಿ ಇರಲಿಲ್ಲ. ಗಾಳಿಯ ದಿಕ್ಕು ನೋಡಲು ಕಟ್ಟಿದ್ದ ಕೆಂಪು ಬಿಳಿ ಪಟ್ಟೆಯ ಬಟ್ಟೆಯ ಚೀಲ ಕಂಬಕ್ಕೆ ಜೋತುಬಿದ್ದಿತ್ತು. ಹುಲ್ಲಿನ ಮೇಲೆ ಇಬ್ಬನಿ ಹಾಗೇ ಇತ್ತು. ಬಿಳಿ ರೆಕ್ಕೆಗಳು ತೂಕಡಿಸುವ ಮುದುಕನ ತಲೆಯಂತೆ ಒಂದು ಸುತ್ತು ಬಂದು ನಿಂತು, ಮತ್ತೆ ಬರುತ್ತಿದ್ದವು. ನಾನು ಶೆಡ್ಡಿನ ಹಿಂದುಗಡೆಯಿಂದ ಬರುವಾಗ ಸರ್ ಮೂಗಿನ ಪೆಟ್ಟಿಗೆಯ ಹತ್ತಿರ ನಿಂತಿದ್ದರು. ಅವರ ಬಲಗೈ ನೀಲಿ ನಲ್ಲಿಯ ಮೇಲಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳನ್ನು ಮೊಣಕೈಯ ತನಕ ಮಡಚಿದ್ದರು. ಇದನ್ನು ನಾನು ಕಂಡಿದ್ದೇನೆ. ಎಷ್ಟು ಸಲ ನಡೆಸಿ ನೋಡಿದರೂ ಆ ತೋಳು ಮಡಚಿಕೊಂಡೇ ಇರುತ್ತದೆ.

"ಏನಾತ್ರಿ ಸರ್?"

"ಏನಿಲ್ಲ, ಕೊಳವಿ ಕಟ್ಟಿತ್ತು. ಗಾಳಿ ಹೊಡದೆ," ಎಂದು ಅವರು ಕರವಸ್ತ್ರದಿಂದ ಕೈ ಒರೆಸಿಕೊಂಡರು. "ನಡಿ, ಅವರು ಬಂದ್ರು. ಚಂದಾಗಿ ಮಾತಾಡು."

ನಾನು ಚಂದಾಗಿಯೇ ಮಾತಾಡಿದೆ. ನಿಯಂತ್ರಣದ ಕೋಣೆಯಲ್ಲಿ ಅತಿಥಿಗಳು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಹೊರಗೆ ಶೆಡ್ಡಿನ ಮುಂದೆ ಚೆಂಡುಹೂವಿನ ಮಾಲೆ ಹಾಕಿದ ಬಸ್ಸು ನಿಂತಿತ್ತು. ಗೋಡೆಯ ಪರದೆಯ ಮೇಲೆ ಮೂರು ಗೆರೆಗಳು: ಗಾಳಿ, ಕರೆಂಟು, ಮೂಗು. ನಾನು ಮಗ್ಗದ ಉದಾಹರಣೆ ಹೇಳಿದೆ. ಸರ್ ಲಾಭದ ಕಥೆ ಹೇಳಿದರು, ಎಲ್ಲರೂ ನಕ್ಕರು. ನಗುತ್ತ ನಾನು ಪರದೆಯ ಕಡೆ ತಿರುಗಿದೆ. ಗಾಳಿಯ ಗೆರೆ ಕೆಳಗಿಳಿಯುತ್ತಿತ್ತು, ಕರೆಂಟಿನದೂ ಇಳಿಯುತ್ತಿತ್ತು. ಮೂಗಿನ ಗೆರೆ ನೆಲಕ್ಕಂಟಿ ಮಲಗಿತ್ತು. ಆ ಮಳೆಗಾಲವಿಡೀ ಆ ಗೆರೆಗಳನ್ನು ನಾನು ಮಕ್ಕಳನ್ನು ನೋಡಿದಂತೆ ನೋಡಿದ್ದೆ. ಗಾಳಿ ಮಲಗಿದರೆ ಮೂಗು ಏಳಬೇಕು. ಅವೆರಡೂ ಕೂಡಿ ಮಲಗಿದ್ದನ್ನು ಒಂದು ದಿನವೂ ಕಂಡಿರಲಿಲ್ಲ.

ನೀರು ಕುಡಿದು ಬರುತ್ತೇನೆಂದು ಹೇಳಿ ಹೊರಗೆ ಬಂದು ಶೆಡ್ಡಿನ ಹಿಂದಕ್ಕೆ ಓಡಿದೆ. ಗಾಳಿಯಿಲ್ಲದ ಆ ಬೆಳಿಗ್ಗೆಯಲ್ಲಿ ಒಂದು ಸಣ್ಣ ಸದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಸುಯ್ ಎಂದು, ಯಾರೋ ಹಲ್ಲಿನ ಸಂದಿಯಿಂದ ಉಸಿರು ಬಿಟ್ಟಂತೆ. ನೀಲಿ ನಲ್ಲಿಯನ್ನು ಒಂದು ಎಳೆಯಷ್ಟು ತೆರೆದಿಟ್ಟಿದ್ದರು. ಮೂಗು ಗಾಳಿಯನ್ನು ಮೂಸುತ್ತ ಎಲ್ಲ ಚೆನ್ನಾಗಿದೆಯೆಂದು ಹೇಳುತ್ತಿತ್ತು. ಆಚೆ ಮಗ್ಗುಲಲ್ಲಿ ಮಹಾಂತೇಶ ಆಮ್ಲಜನಕದ ಕೊಪ್ಪರಿಗೆಯನ್ನು ಅತಿಥಿಗಳಿಗಾಗಿ ಬಟ್ಟೆಯಿಂದ ತಿಕ್ಕಿ ಹೊಳೆಸುತ್ತಿದ್ದ, ನಲ್ಲಿಗೆ ನನಗಿಂತ ಹತ್ತಿರ.

"ಮಹಾಂತೇಶಾ! ಗಾಳಿ! ಆ ಗಾಳಿ ಬಂದ್ ಮಾಡು!"

ಓಡು ಎಂದು ಕೂಗಬಹುದಿತ್ತು. ದಿನಕ್ಕೊಮ್ಮೆ ನಡೆಸಿ ನೋಡುವಾಗ ಇಲ್ಲಿ ನಾನು ಪ್ರತಿಸಲ ನಿಲ್ಲುತ್ತೇನೆ. ಓಡು ಎಂದಿದ್ದರೆ ಅವನು ಓಡುತ್ತಿದ್ದ. ನಲ್ಲಿ ತೆರೆದೇ ಇರುತ್ತಿತ್ತು, ಯಂತ್ರ ನಡೆದೇ ಇರುತ್ತಿತ್ತು, ಹೈಡ್ರೋಜನ್ನಿನ ಸಿಲಿಂಡರುಗಳ ಬಾಯಿ ತೆರೆದೇ ಇರುತ್ತಿತ್ತು. ಕೋಣೆಯಲ್ಲಿ ಅಷ್ಟು ಜನ ನಗುತ್ತ ಕುಳಿತಿರುತ್ತಿದ್ದರು.

ಅವನು ತಿರುಗಿ ನೋಡಿದ. ತನ್ನ ನಳದಿಂದ ಗಾಳಿ ಹೋಗುವುದನ್ನು ಕಂಡು ಅವನ ಹುಬ್ಬು ಮೇಲೇರಿತು. "ಇದನ್ಯಾರ ಬಿಟ್ರಲೇ!" ಎಂದ. ದನದ ಬೇಲಿಯ ಗೇಟು ತೆರೆದಿದ್ದು ಕಂಡವನು ಬೈಯುವ ಹಾಗೆ. ಎರಡು ದಾಪುಗಾಲಿನಲ್ಲಿ ಬಂದು ನಲ್ಲಿಯನ್ನು ಒತ್ತಿ ತಿರುಗಿಸಿ ಬಿಗಿದ. ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಒಳಗೆ ಸೈರನ್ನು ಕೂಗಿತು. ಮೂಗಿಗೆ ನಿಜವಾದ ವಾಸನೆ ಹತ್ತಿತ್ತು. ಯಂತ್ರ ತಾನಾಗಿ ನಿಂತಿತು, ಸಿಲಿಂಡರುಗಳ ಬಾಯಿ ಒಂದೊಂದಾಗಿ ಮುಚ್ಚಿಕೊಂಡ ಟಕಟಕ ಸದ್ದೂ ಕೇಳಿಸಿತು. ಕೊನೆಗೆ ಒತ್ತಡ ಹೊರಬಿಡುವ ಕವಾಟ ತೆರೆಯಿತು. ಅಲ್ಲೇ ಎಲ್ಲೋ ಆ ಒಂದು ಕಿಡಿ.

ಸದ್ದು ನನಗೆ ನೆನಪಿಲ್ಲ. ನೆಲ ಎದ್ದು ಬಂದು ಎದೆಗೆ ಹೊಡೆದದ್ದು ನೆನಪಿದೆ. ಆಮೇಲೆ ಖಾರ ನೀರಿನ ಬಿಸಿ ಮಳೆ. ಅದು ಚರ್ಮಕ್ಕೆ ತಾಕಿದಾಗ ಸಬಕಾರದಂತೆ ಜಾರುತ್ತದೆ. ಆ ಜಾರುವಿಕೆ ನಮ್ಮದೇ ಚರ್ಮ ಕರಗಿದ್ದು ಎಂದು ಆಮೇಲೆ ತಿಳಿಯುತ್ತದೆ. ಮಹಾಂತೇಶ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕುಳಿತಿದ್ದ. ನೀರಿನ ಪೈಪು ಎಳೆದು ತಂದು ಅವನ ಕಣ್ಣಿಗೆ ಬಿಡುತ್ತಲೇ ಇದ್ದೆ. ಸರ್ ಓಡಿ ಬಂದರು. ಮೊದಲು ಅವರು ನೋಡಿದ್ದು ನೀಲಿ ನಲ್ಲಿಯನ್ನು. ಅದು ಮುಚ್ಚಿತ್ತು. ಆಮೇಲೆ ಮಹಾಂತೇಶನನ್ನು ನೋಡಿದರು.

ಕೊಪ್ಪರಿಗೆ ಸೀಳಿತ್ತು, ಹಿಂದಿನ ಗೋಡೆ ಬಿದ್ದಿತ್ತು. ಬಸ್ಸಿನ ಮೇಲಿನ ಚೆಂಡುಹೂವಿನ ಮಾಲೆ ಹಾಗೇ ಇತ್ತು. ಯಾರೂ ಸಾಯಲಿಲ್ಲ. ಬಾಗಲಕೋಟೆಯ ದವಾಖಾನೆಯಲ್ಲಿ ಮಹಾಂತೇಶನ ಎಡಗಣ್ಣು ಹೋಯಿತು, ಬಲಗಣ್ಣು ಹೇಗೋ ಉಳಿಯಿತು. ತಲೆಗೆ ಬಿದ್ದ ಪೆಟ್ಟಿಗೆ ಆ ಬೆಳಗಿನ ನೆನಪೆಲ್ಲ ಅಳಿಸಿಹೋಯಿತು. ಮನೆಯಿಂದ ಬುತ್ತಿ ಕಟ್ಟಿಕೊಂಡು ಹೊರಟದ್ದು ನೆನಪು, ಮುಂದಿನದು ಕತ್ತಲೆ.

ತನಿಖೆಗೆ ಬಂದವರು ನವನಗರದ ಒಂದು ಕಚೇರಿಯಲ್ಲಿ ನಮ್ಮನ್ನು ಕೂಡಿಸಿದರು. ನಾನು ಕಂಡದ್ದನ್ನೂ ಕೇಳಿದ್ದನ್ನೂ ಇದ್ದ ಹಾಗೆ ಹೇಳಿದೆ: ಮಡಚಿದ ತೋಳು, ನಲ್ಲಿಯ ಮೇಲಿದ್ದ ಕೈ, ಮಹಾಂತೇಶ ಅಂದ ಮಾತು. ಸರ್ ಪೂರಾ ಕೇಳಿ, ಕೊನೆಗೆ ತಲೆ ತಗ್ಗಿಸಿದರು. ಈಗ ಒಪ್ಪಿಕೊಳ್ಳುತ್ತಾರೆ, ಮೊದಲ ಗಾಳಿ ತಮ್ಮ ಮೈಗೇ ಬಡಿಯಲಿ ಎನ್ನುತ್ತಾರೆ ಎಂದುಕೊಂಡೆ. ನನಗೆ ಅವರ ಬಗ್ಗೆ ಅಳುವೇ ಬಂದಿತ್ತು.

ಅವರು ಎದ್ದು ನಿಂತು, ಪಾಠ ಹೇಳುವಾಗಿನ ಆ ತಿಳಿಯಾದ ದನಿಯಲ್ಲಿ ಹೇಳಿದರು: "ಈಕಿ ನನ್ನ ವಿದ್ಯಾರ್ಥಿನಿ, ನನ್ನ ಮಗಳಿದ್ದಂಗ. ಈಕಿ ಮ್ಯಾಲ ನನಗ ಸಿಟ್ಟಿಲ್ಲ. ಕಣ್ಣೆದುರ ಅಷ್ಟು ದೊಡ್ಡ ಆಘಾತ ಆಗ್ಯದ. ಹಿಂದ್ಯಾವಾಗೋ ನಾ ಆ ನಲ್ಲಿ ಮುಟ್ಟಿದ್ದು, ಅವತ್ತಿಂದು, ಎಲ್ಲಾ ಈಕಿ ತಲ್ಯಾಗ ಬೆರತದ. ದಯಮಾಡಿ ಹೆಚ್ಚಿಗೆ ಪ್ರಶ್ನೆ ಕೇಳಿ ಈಕಿನ್ನ ನೋಯಿಸಬ್ಯಾಡ್ರಿ. ಕೊಳವಿಗೆ ಗಾಳಿ ಹೊಡೆಯೋದು ಆ ಕೆಲಸಗಾರನ ಕಲ್ಲಿನ ಫ್ಯಾಕ್ಟರಿ ಚಟ, ಎಲ್ಲಾರಿಗೂ ಗೊತ್ತದ. ಅವತ್ತೂ ಹೊಡದಾನ, ಮುಚ್ಚೋದು ಮರತಾನ, ನೆನಪಾಗಿ ಓಡಿ ಬಂದು ಮುಚ್ಯಾನ. ನಲ್ಲಿ ಮ್ಯಾಲ ಕಡೇಕ ಇದ್ದದ್ದು ಅವನ ಕೈ."

ಎಲ್ಲರೂ ನನ್ನ ಕಡೆ ಕನಿಕರದಿಂದ ನೋಡಿದರು. ಒಬ್ಬರು ನೀರಿನ ಗ್ಲಾಸು ಕೊಟ್ಟರು. ಸುಳ್ಳಿ ಎಂದು ಅಂದಿದ್ದರೆ ಜಗಳ ಮಾಡುತ್ತಿದ್ದೆ. ಮಗಳು ಎಂದು ಕರೆದು ಬಾಯಿ ಕಟ್ಟಿದರು. ನಾನು ಅಳತೊಡಗಿದೆ, ಅಳು ಅವರ ಮಾತಿಗೆ ಸಾಕ್ಷಿಯಾಯಿತು.

ಅದಕ್ಕಿಂತ ಮೊದಲೇ ದವಾಖಾನೆಯಲ್ಲಿ ಇನ್ನೊಂದು ಕೆಲಸ ಮುಗಿದಿತ್ತು. ತಪ್ಪು ತನ್ನದೇ ಎಂದು ಮಹಾಂತೇಶ ಒಪ್ಪಿಕೊಂಡರೆ ಕಂಪನಿ ದೊಡ್ಡ ಮನಸ್ಸು ಮಾಡಿ ಚಿಕಿತ್ಸೆ ಮಾಡಿಸುತ್ತದೆ ಎಂದು ಅಲ್ಲಿಗೆ ಬಂದ ಕಂಪನಿಯವರು ಹೇಳಿದ್ದರು. ಕಣ್ಣಿಗೆ ಪಟ್ಟಿ ಕಟ್ಟಿದ್ದ ಅವನ ಕೈ ಹಿಡಿದು ಗಂಗವ್ವನೇ ಸಹಿ ಮಾಡಿಸಿದ್ದಳು. ಯಾಕವ್ವಾ ಹೀಗೆ ಮಾಡಿದೆ ಎಂದರೆ ನನ್ನ ಮುಖಕ್ಕೆ ಹೊಡೆದಂತೆ ಅಂದಳು: "ನನಗ ಮೊದಲ ಅವರ ಕಣ್ಣ ಬೇಕಾಗಿತ್ರಿ, ಹೆಸರು ಆಮ್ಯಾಗ. ಇನ್ನ ಆ ದಿನದ ಮಾತು ಅವರ ಮುಂದ ತಗೀಬ್ಯಾಡ್ರಿ. ತಗದ್ರ ಮನಿಗೆ ಬರಬ್ಯಾಡ್ರಿ." ನಾನು ತೆಗೆಯಲಿಲ್ಲ. ಹುನಗುಂದದ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕ ಮೇಲೂ ಆಗಾಗ ಹೋಗಿ, ಮಳೆ ಬೆಳೆಯ ಮಾತಾಡಿ, ಚಹಾ ಕುಡಿದು ಬರುತ್ತಿದ್ದೆ. ಅಪ್ಪ ಈಗ ಯಾರು ಬಂದರೂ ಕುರ್ಚಿಯಿಂದ ಏಳುವುದಿಲ್ಲ.

ಘಟಕ ಮತ್ತೆ ಶುರುವಾಗಲಿಲ್ಲ. ಗಾಳಿಗಂಬಗಳ ಕರೆಂಟನ್ನು ಈಗ ನೇರ ಲೈನಿಗೆ ಮಾರುತ್ತಾರೆ. ಅದೇ ಹೆಚ್ಚು ಗಿಟ್ಟುತ್ತದೆ ಎಂದು ನನ್ನ ಲೆಕ್ಕವೂ ಮೊದಲೇ ಹೇಳಿತ್ತು. ಮಧುಕರ ಸರ್ ಕರಾವಳಿಯ ಕಡೆ ಇನ್ನೂ ದೊಡ್ಡ ಯೋಜನೆಗೆ ಹೋದರು. ಕಳೆದ ತಿಂಗಳು ಬಾಗಲಕೋಟೆಯಲ್ಲಿ ಅವರಿಗೆ ಶಾಲು ಹೊದಿಸಿದರು. ನಾನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದೆ. ಮಗ್ಗದ ಉದಾಹರಣೆ ಹೇಳಿದರು. ಲಾಭದ ಕಥೆ ಹೇಳಿದರು, ಸಭೆ ನಕ್ಕಿತು. ಕಿಲೋದ ಬೆಲೆಯೆಂದು ಒಂದು ಅಂಕಿ ತೋರಿಸಿದರು. ಅದು ನಾನು ಹಾಕಿದ ಲೆಕ್ಕ, ಮೂಗು ಮುಚ್ಚಿ ಯಂತ್ರ ಓಡಿಸಿದ ಆ ಬೆಳಗಿನ ತಾಸುಗಳನ್ನೂ ಕೂಡಿಸಿಕೊಂಡ ಲೆಕ್ಕ. ಕೊನೆಗೆ, "ಒಬ್ಬ ಕೆಲಸಗಾರನ ಸಣ್ಣ ಚಟ ಎಷ್ಟು ದೊಡ್ಡ ಕನಸು ಕೆಡಿಸ್ತದ ಅನ್ನೋದಕ್ಕ," ಎಂದು ಶುರುಮಾಡಿದರು. ನಾನು ಎದ್ದು ಬಂದೆ. ಮರುದಿನವೇ ಸ್ಕೂಟಿ ಹತ್ತಿ ಇಳಕಲ್ಲಿಗೆ ಹೊರಟದ್ದು. ದಾರಿಯಲ್ಲಿ ಆ ಪಂಕ್ಚರ್.

ಗಂಗವ್ವ ಕುಣಿಯಲ್ಲಿ ಕಾಲಿಟ್ಟು ನೇಯುತ್ತಿದ್ದಳು. ಮಹಾಂತೇಶ ಅವಳ ಲಾಳಿಗೆ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದ. ನಾನು ಏನೂ ಹೇಳುವುದಿಲ್ಲವೆಂದೇ ಹೋಗಿದ್ದೆ. ಅವನೇ ಉಳಿದ ಒಂದು ಕಣ್ಣಿನಿಂದ ನನ್ನ ಮುಖ ನೋಡಿ ಕೇಳಿದ: "ಅಕ್ಕಾರ, ಸರ್ರು ಬಂದಿದ್ರಂತ. ನನ್ನ ಬಗ್ಗೆ ಮಾತಾಡಿದ್ರಂತ, ಮಂದಿ ಹೇಳಿದ್ರು."

ಮಗ್ಗ ನಿಂತಿತು.

"ನನಗ ಒಂದ ಹೇಳ್ರಿ," ಎಂದ. "ನಾ ಸಹಿ ಮಾಡೇನಿ, ಅದು ಬ್ಯಾರೆ. ಸರ್ರಂಥಾವರು ಸುಳ್ಳ ಹೇಳತಾರೇನ್ರಿ? ಒಮ್ಮೊಮ್ಮೆ ಅನಸ್ತದ, ನಾನ ಬಿಟ್ಟಿದ್ನೋ ಏನೋ. ಅಷ್ಟ ಮಂದೀನ್ನ ಸಾಯಸ್ತಿದ್ನೋ ಏನೋ. ಮನೀ ನಳಾ ಮುಚ್ಚಿ ಬಂದಮ್ಯಾಲೂ ಎದ್ದ ಹೋಗಿ ಮುಟ್ಟಿ ನೋಡ್ತೇನಿ. ಅವತ್ತ ನಾ ಏನ್ ಮಾಡಿದ್ನಿ?"

ನಾನು ಗಂಗವ್ವನ ಕಡೆ ನೋಡಿದೆ. ಅವಳು ಬೇಡ ಅನ್ನಲಿಲ್ಲ. ನಾನು ಹೇಳಿದೆ: ಬಟ್ಟೆ ಹಿಡಿದು ಕೊಪ್ಪರಿಗೆ ತಿಕ್ಕುತ್ತಿದ್ದದ್ದು, ನಾನು ಕೂಗಿದ್ದು, ಅವನು ಬಂದು ನಲ್ಲಿ ಬಿಗಿದದ್ದು, ಅದರಿಂದಲೇ ಯಂತ್ರ ನಿಂತದ್ದು, ಅಷ್ಟು ಜನ ಉಳಿದದ್ದು. ಅವನ ಮುಖದಲ್ಲಿ ಏನೂ ಕದಲಲಿಲ್ಲ. ಯಾರದೋ ಒಳ್ಳೆಯ ಕಥೆ ಕೇಳಿದಂತೆ ಕೇಳಿದ.

"ನಾ ಏನರ ಅಂದ್ನೇನ್ರಿ?"

"ಅಂದಿ. ನಳಾ ನೋಡಿ, ಹುಬ್ಬ ಏರಿಸಿ, 'ಇದನ್ಯಾರ ಬಿಟ್ರಲೇ' ಅಂದಿ."

ಗಂಗವ್ವನ ಕೈಯಿಂದ ಲಾಳಿ ಜಾರಿತು. ಅವಳು ನಕ್ಕಳೋ ಅತ್ತಳೋ ಹೇಳಲಾರೆ. "ಅಯ್ಯ ಶಿವನ! ಖರೇನ ಹಂಗ ಅಂತಾರ್ರಿ ಇವರು! ಬಾಗಲಾ ತಗದಿತ್ತು, ಇದನ್ಯಾರ ಬಿಟ್ರಲೇ. ಬೆಕ್ಕು ಹಾಲಿಗೆ ಬಂತು, ಇದನ್ಯಾರ ಬಿಟ್ರಲೇ. ಮದವಿ ಆದಾಗಿಂದ ಕೇಳಾಕತ್ತೇನಿ. ಅದು ಇವರ ಮಾತ ರೀ. ನೀವು ಹುಟ್ಟಿಸಿ ಹೇಳಾಕ ಬರೂದಿಲ್ಲ."

ಹತ್ತು ಜನರ ಕಚೇರಿಯಲ್ಲಿ ಇದೇ ಮಾತನ್ನು ಹೇಳಿದ್ದೆ. ಅಲ್ಲಿ ಇದರ ದನಿ ಬಲ್ಲವರು ಒಬ್ಬರೇ ಇದ್ದರು. ನಾನು ಕೋಣೆಯಲ್ಲಿ ಲೆಕ್ಕ ಹಾಕುವಾಗ, ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತು ಮಹಾಂತೇಶನ ಬಾಯಲ್ಲಿ ಅದನ್ನು ಕೇಳಿದ್ದ ಮಧುಕರ ಸರ್. ನಾನು ಅದನ್ನು ಹೇಳಿದ ಕ್ಷಣದಲ್ಲಿಯೇ ಅವರು ತಲೆ ತಗ್ಗಿಸಿದ್ದು ನನಗೆ ಆಗ ನೆನಪಾಯಿತು.

"ಇದನ್ಯಾರ ಬಿಟ್ರಲೇ," ಮಹಾಂತೇಶ ಮೆಲ್ಲಗೆ ಅಂದು ನೋಡಿದ. ಇನ್ನೊಮ್ಮೆ ಅಂದ. ಎರಡನೆಯ ಸಲ ಹುಬ್ಬು ತಾನಾಗಿ ಏರಿತು. "ಹಂಗಾರ ನಾ ಬಿಟ್ಟಿಲ್ಲ," ಎಂದ. ಆಮೇಲೆ ಅರ್ಧಕ್ಕೆ ಬಿಟ್ಟಿದ್ದ ಕಂಡಿಕೆಯನ್ನು ಮತ್ತೆ ಸುತ್ತತೊಡಗಿದ.

ಹೊರಡುವಾಗ ಕೈ ತೊಳೆಯಲು ಬಚ್ಚಲಿಗೆ ಹೋದೆ. ನಳ ತಿರುಗಲಿಲ್ಲ. "ನಿಮ್ಮ ಕೈಲೆ ಆಗೂದಿಲ್ರಿ, ನನ್ನ ಕೈಲೂ ಆಗೂದಿಲ್ಲ. ಇವರು ಮುಚ್ಚಿದ್ದನ್ನ ಇವರ ತಗೀಬೇಕು," ಎಂದಳು ಗಂಗವ್ವ. ಮಹಾಂತೇಶ ಬಂದು ತೆರೆದುಕೊಟ್ಟ. ನಾನು ಕೈ ತೊಳೆದ ಮೇಲೆ ಮುಚ್ಚಿದ. ಕೊನೆಯ ಹನಿಯೂ ನಿಂತಿತು. ಅವನು ಬಗ್ಗಿ ನೋಡಿ, ಇನ್ನೊಂದು ಸುತ್ತು ಬಿಗಿದ.